ನಮ್ಮ ಯಂತ್ರ, ನಮ್ಮ ಕೈ

ಆಯುಧಪೂಜೆಯ ದಿನ ನಮ್ಮ ನಾಡಿನಲ್ಲಿ ಪೂಜೆಗೆ ಸಲ್ಲದ ಉಪಕರಣವೇ ಇಲ್ಲ. ನೇಗಿಲು, ಕುಡುಗೋಲು, ಹೊಲಿಗೆಯ ಯಂತ್ರ, ಸೈಕಲ್ಲು, ಲಾರಿ ಎಲ್ಲಕ್ಕೂ ಅರಿಸಿನ ಕುಂಕುಮ, ಎಲ್ಲಕ್ಕೂ ಚೆಂಡುಹೂವು. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಲ್ಯಾಪ್‌ಟಾಪ್ ಕೂಡ ಬಂದು ಸೇರಿದೆ. ನೇಗಿಲನ್ನು ಪೂಜಿಸುವ ರೈತನಿಗೆ ಅದರ ಗುಳ ಸವೆದರೆ ಬೇರೆ ಗುಳ ಹಾಕುವುದು ಗೊತ್ತು. ಹೊಲಿಗೆಯ ಯಂತ್ರವನ್ನು ಪೂಜಿಸುವ ದರ್ಜಿಗೆ ಅದರ ಸೂಜಿ ಬದಲಿಸುವುದೂ ಬೆಲ್ಟು ಬಿಗಿಮಾಡುವುದೂ ಎಣ್ಣೆ ಬಿಡುವುದೂ ಗೊತ್ತು. ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚುವ ನಮ್ಮಂಥ ಪದವಿ ವಿದ್ಯಾರ್ಥಿಗಳಿಗೆ ಮಾತ್ರ ಅದರ ಬೆನ್ನಿನ ಮುಚ್ಚಳದ ಕೆಳಗೆ ಏನಿದೆ ಎಂಬುದೇ ತಿಳಿಯದು. ಪೂಜೆಗೆ ಮುಂದಾಗುವ ನಮ್ಮ ಕೈ ದುರಸ್ತಿಗೆ ಹಿಂದೆಗೆಯುತ್ತದೆ. ಓದುಬರಹ ಕಲಿತವರ ಪಾಲಿಗೆ ಇದು ಹೆಮ್ಮೆಯ ಸಂಗತಿಯಲ್ಲ.

ಈ ಲೇಖನದಲ್ಲಿ ನಾನು ಹೇಳಹೊರಟಿರುವ ವಿಷಯ ಸಣ್ಣದು. ನಿಧಾನವಾಗಿ ಹೋಗಿರುವ ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ತೆಗೆದು, ಅದರ ಜಾಗದಲ್ಲಿ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಹವನ್ನು ಹಾಕುವ ಕೆಲಸವನ್ನು ನಮ್ಮ ನಮ್ಮ ಮನೆಗಳಲ್ಲಿ ನಾವೇ ಮಾಡಿಕೊಳ್ಳಬಹುದು. ಮಾಡಿಕೊಳ್ಳಬಹುದು ಮಾತ್ರವಲ್ಲ, ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಇದು ಕಲಾ ಕಾಲೇಜಿನ ಸಂಚಿಕೆಗೆ ತಕ್ಕ ವಿಷಯವೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಹೇಗೂ ಕಲಿತಾರು. ಕಲಿಯಲಾರೆವೆಂದು ಮೊದಲೇ ತೀರ್ಮಾನಿಸಿಕೊಂಡವರು ನಾವು. ಆದುದರಿಂದಲೇ ಇದನ್ನು ಇಲ್ಲಿ ಬರೆಯುವ ಅಗತ್ಯವಿದೆ.

ನಮ್ಮ ಪರಿಸ್ಥಿತಿಯನ್ನು ಒಮ್ಮೆ ನೋಡಿ. ನಮ್ಮಲ್ಲಿ ಬಹುಮಂದಿಯ ಮನೆಗೆ ಬಂದ ಮೊದಲ ಗಣಕಯಂತ್ರವೇ ಈ ಲ್ಯಾಪ್‌ಟಾಪ್. ಕೆಲವರಿಗೆ ಅದು ಸರ್ಕಾರದ ಯೋಜನೆಯಲ್ಲಿ ಓದಿ ಹೊರಬಿದ್ದ ಅಣ್ಣನದೋ ಅಕ್ಕನದೋ ಕೈಯಿಂದ ಬಂದದ್ದು. ಕೆಲವರು ಯಾರೋ ಬಳಸಿ ಬಿಟ್ಟದ್ದನ್ನು ಅರ್ಧ ಬೆಲೆಗೆ ಕೊಂಡವರು. ಐದಾರು ವರ್ಷ ಕಳೆದ ಈ ಯಂತ್ರಗಳ ಗುಂಡಿಯೊತ್ತಿ, ಎರಡು ಕೊಡ ನೀರು ತಂದಿಟ್ಟು ಬಂದರೂ ಪರದೆಯ ಮೇಲೆ ಇನ್ನೂ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ಕಡೆಗೆ ಬೇಸತ್ತು ಅದನ್ನು ಬೀರುವಿನ ಮೇಲಿಟ್ಟು, ಹತ್ತು ಪುಟದ ಕಿರುಪ್ರಬಂಧವನ್ನು ಫೋನಿನ ಅಂಗೈಯಗಲದ ಪರದೆಯ ಮೇಲೆ ಹೆಬ್ಬೆರಳಿನಿಂದ ಕುಟ್ಟುವ ಗೆಳತಿಯರನ್ನು ನಾನು ನಿತ್ಯವೂ ನೋಡುತ್ತೇನೆ. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನವೆಂದರೆ ಸೈಬರ್ ಅಂಗಡಿಯ ಮುಂದೆ ಸಾಲು. ಮನೆಯಲ್ಲಿ ಯಂತ್ರವಿಲ್ಲವೆಂದಲ್ಲ, ಇರುವ ಯಂತ್ರ ಕೆಲಸಕ್ಕೆ ಬಾರದು ಎಂಬ ನಂಬಿಕೆ. ಈ ನಂಬಿಕೆ ಬಹುಮಟ್ಟಿಗೆ ತಪ್ಪು ಎಂಬುದನ್ನು ಮೊದಲು ತೋರಿಸಬೇಕು.

ಲ್ಯಾಪ್‌ಟಾಪಿಗೆ ಮುಪ್ಪು ಬಂದಿತೆಂದು ನಾವು ಹೇಳುವಾಗ, ಎಷ್ಟೋ ವೇಳೆ ಮುಪ್ಪು ಬಂದಿರುವುದು ಅದರ ಒಂದೇ ಒಂದು ಅಂಗಕ್ಕೆ. ಆ ಅಂಗವೇ ಹಾರ್ಡ್ ಡಿಸ್ಕ್. ಇದರ ವಂಶ ಹಳೆಯದು. 1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಹೊರತಂದ ರಾಮ್ಯಾಕ್ ಎಂಬ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಆ ಸಂಗ್ರಹದ ತೂಕ ಒಂದು ಟನ್ನಿಗೂ ಮಿಗಿಲು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ, ಅಂದರೆ ಇಂದು ನಮ್ಮ ಫೋನಿನಲ್ಲಿ ತೆಗೆಯುವ ಒಂದೆರಡು ಚಿತ್ರಗಳಿಗೂ ಸಾಲದಷ್ಟು. ಅಲ್ಲಿಂದೀಚೆಗೆ ತಟ್ಟೆಗಳು ಅಂಗೈಯೊಳಗೆ ಅಡಗುವಷ್ಟು ಚಿಕ್ಕವಾದವು, ಹಿಡಿಯುವ ಅಕ್ಷರಗಳು ಲಕ್ಷಗಟ್ಟಲೆ ಪಾಲು ಹೆಚ್ಚಿದವು. ಆದರೆ ಕೆಲಸದ ರೀತಿ ಮಾತ್ರ ಅದೇ: ಕಾಂತೀಯ ಲೇಪವುಳ್ಳ ತಟ್ಟೆ ತಿರುಗಬೇಕು, ಒಂದು ತೋಳು ಅದರ ಮೇಲೆ ಹಿಂದೆ ಮುಂದೆ ಸರಿದು ಬೇಕಾದ ಜಾಗವನ್ನು ಹುಡುಕಬೇಕು.

ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿರುವ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಸೆಕೆಂಡಿಗೆ 90 ಸುತ್ತು. ಕೇಳಲು ಇದು ಮಹಾವೇಗವೇ ಸರಿ. ಆದರೆ ಯಂತ್ರವನ್ನು ಚಾಲೂ ಮಾಡಿದಾಗ ಅದು ಓದಬೇಕಾದದ್ದು ಅಲ್ಲಲ್ಲಿ ಚದುರಿ ಬಿದ್ದಿರುವ ಸಾವಿರಾರು ಸಣ್ಣ ಸಣ್ಣ ಕಡತಗಳನ್ನು. ಒಂದೊಂದಕ್ಕೂ ತೋಳು ಸರಿಯಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಹೀಗಾಗಿ ಅದು ಸೆಕೆಂಡಿಗೆ ನೂರು ಸಲಕ್ಕಿಂತ ಹೆಚ್ಚು ಹುಡುಕಲಾರದು. ನಮ್ಮ ಗ್ರಂಥಾಲಯವನ್ನು ನೆನೆಸಿಕೊಳ್ಳಿ. ನೂರು ಜನ ಚೀಟಿ ಹಿಡಿದು ನಿಂತಿದ್ದಾರೆ. ಪುಸ್ತಕ ತಂದುಕೊಡುವ ಅಟೆಂಡರು ಒಬ್ಬರೇ. ಅವರು ಎಷ್ಟೇ ಚುರುಕಾಗಿದ್ದರೂ ಒಂದೊಂದು ಪುಸ್ತಕಕ್ಕೂ ಒಂದೊಂದು ಸಲ ಕಪಾಟಿನವರೆಗೆ ನಡೆಯಲೇಬೇಕು. ಗ್ರಂಥಪಾಲಕರ ಜಾಣತನಕ್ಕೂ ಈ ತಡಕ್ಕೂ ಸಂಬಂಧವಿಲ್ಲ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಅದು ಫ್ಲಾಷ್ ಮೆಮೊರಿ ಎಂಬ ಚಿಪ್ಪುಗಳಿಂದಾದದ್ದು. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಎಂಬ ಎಂಜಿನಿಯರು ಇದನ್ನು 1984ರಲ್ಲಿ ವಿದ್ವಾಂಸರ ಮುಂದಿಟ್ಟರು. ಇಂದಿನ ಎಸ್‌ಎಸ್‌ಡಿಗಳಿಗೆ ಮೂಲವಾದ ನ್ಯಾಂಡ್ ಬಗೆ 1987ರಲ್ಲಿ ಪ್ರಕಟವಾಯಿತು. ಇಲ್ಲಿ ಯಾವ ಕಡತವಾದರೂ ಕೈಗೆಟಕುವ ದೂರದಲ್ಲೇ ಇರುತ್ತದೆ. ಹುಡುಕಾಟಗಳ ಲೆಕ್ಕ ಸೆಕೆಂಡಿಗೆ ನೂರರಲ್ಲಲ್ಲ, ಹತ್ತಾರು ಸಾವಿರದಲ್ಲಿ. ಒಂದೇ ಸಮನೆ ಓದುವಾಗಲೂ ಹಳೆಯ ತಟ್ಟೆ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಕೊಟ್ಟರೆ, ಹಳೆಯ ಲ್ಯಾಪ್‌ಟಾಪಿಗೆ ಒಪ್ಪುವ ಸಾಧಾರಣ ಎಸ್‌ಎಸ್‌ಡಿ ಸುಮಾರು 500 ಕೊಡುತ್ತದೆ. ಯಂತ್ರದ ಮಿದುಳಾದ ಪ್ರೊಸೆಸರ್ ಕಾದು ಕೂತದ್ದು ಈ ಉಗ್ರಾಣಕ್ಕಾಗಿ. ಉಗ್ರಾಣ ಬದಲಾದರೆ ಮಿದುಳು ತಾನೇ ಚುರುಕಾಗುತ್ತದೆ. ಹಗ್ಗ ಸವೆಯಿತೆಂದು ಬಾವಿಯನ್ನೇ ಮುಚ್ಚುವವರುಂಟೆ? ಹಾರ್ಡ್ ಡಿಸ್ಕಿಗಾಗಿ ಲ್ಯಾಪ್‌ಟಾಪನ್ನೇ ಎಸೆಯುವ ನಾವು ಮಾಡುತ್ತಿರುವುದು ಅದೇ.

ನನ್ನದೇ ಲ್ಯಾಪ್‌ಟಾಪಿನ ಮಾತು ಹೇಳುವುದಾದರೆ, 2024ರ ಬೇಸಗೆಯಲ್ಲಿ ಅದನ್ನು ನಮ್ಮೂರ ಪೇಟೆಯ ಒಂದು ದುರಸ್ತಿ ಅಂಗಡಿಗೆ ಒಯ್ದಿದ್ದೆ. ಜೊತೆಯಲ್ಲಿ ಹೈಸ್ಕೂಲು ಓದುವ ತಮ್ಮನಿದ್ದ. ಪ್ರಶ್ನೆ ಕೇಳಿದವಳು ನಾನು. ಅಂಗಡಿಯವರು ಉತ್ತರ ಹೇಳಿದ್ದು ತಮ್ಮನ ಮುಖ ನೋಡಿ. "ಇದರಲ್ಲಿ ಜೀವವಿಲ್ಲ, ಹೊಸದು ತೊಗೊಂಬಿಡಿ" ಎಂದರು. ಹೊಸದಕ್ಕೆ ಹಣವಿಲ್ಲವೆಂದಾಗ, "ಹಾಗಾದರೆ ಬಿಟ್ಟು ಹೋಗಿ, ನಾಲ್ಕು ದಿನ ಬಿಟ್ಟು ಬನ್ನಿ. ಪಾಸ್‌ವರ್ಡು ಈ ಚೀಟಿಯಲ್ಲಿ ಬರೆದುಕೊಡಿ" ಎಂದರು. ಆ ಯಂತ್ರದಲ್ಲಿ ನನ್ನ ಆಧಾರ್ ಪ್ರತಿ, ಅಂಕಪಟ್ಟಿಗಳು, ಅಪ್ಪನ ಬ್ಯಾಂಕಿನ ಕಾಗದಗಳು, ಅಕ್ಕನ ಮದುವೆಯ ಚಿತ್ರಗಳು, ಹಾಸ್ಟೆಲಿನ ಗೆಳತಿಯರ ಚಿತ್ರಗಳು ಎಲ್ಲವೂ ಇದ್ದವು. ಅಂಗಡಿಯವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಮನೆಯ ಬೀಗದಕೈಯನ್ನು ಗುರುತಿಲ್ಲದವರ ಕೈಯಲ್ಲಿಟ್ಟು ನಾಲ್ಕು ದಿನ ಬಿಟ್ಟು ಬರುವೆನೆಂದು ನಮ್ಮಲ್ಲಿ ಯಾರು ಹೋಗುತ್ತಾರೆ? ಚೀಟಿ ಬರೆಯದೆ ಯಂತ್ರವನ್ನು ಮನೆಗೆ ತಂದೆ. ಹದಿನೈದು ದಿನ ಓದಿ ತಿಳಿದು, 2000 ರೂಪಾಯಿಯೊಳಗೆ ಒಂದು 256 ಗಿಗಾಬೈಟಿನ ಎಸ್‌ಎಸ್‌ಡಿ ತರಿಸಿ, ಒಂದು ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಕೂತು ಅದನ್ನು ಹಾಕಿದೆ. ಅಮ್ಮ ಹೊಲಿಗೆ ಡಬ್ಬಿಯ ಮುಚ್ಚಳವನ್ನು ಸ್ಕ್ರೂಗಳಿಗೆಂದು ಬಿಟ್ಟುಕೊಟ್ಟರು. ಬಿಚ್ಚಿ ಮುಚ್ಚುವ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಆ ಯಂತ್ರ ಈಗ ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ. ಈ ಲೇಖನವನ್ನು ಬೆರಳಚ್ಚು ಮಾಡಿದ್ದೂ ಅದರಲ್ಲಿಯೇ.

ಕೆಲಸದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಭಯವೆಂಬುದು ಬಹುಪಾಲು ವಿವರ ತಿಳಿಯದಿರುವುದರಿಂದ ಹುಟ್ಟುವುದು.

ಮೊದಲನೆಯದಾಗಿ, ನಮ್ಮ ಯಂತ್ರದಲ್ಲಿರುವುದು ಏನು ಎಂಬುದನ್ನು ಅರಿಯಬೇಕು. ಯಂತ್ರದ ಬೆನ್ನ ಮೇಲೆ ಅದರ ಮಾದರಿಯ ಸಂಖ್ಯೆಯಿರುತ್ತದೆ. ಆ ಸಂಖ್ಯೆಗೆ ಸರಿಯಾದ ದುರಸ್ತಿ ಕೈಪಿಡಿಯನ್ನು ಹಲವು ತಯಾರಕರು ತಾವೇ ಪ್ರಕಟಿಸಿದ್ದಾರೆ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡೂವರೆ ಅಂಗುಲದ, ಸಾಟಾ ಜೋಡಣೆಯ ಡಿಸ್ಕ್. ಅದರ ದಪ್ಪ 7 ಮಿಲಿಮೀಟರ್ ಇಲ್ಲವೆ 9.5 ಮಿಲಿಮೀಟರ್. ಅದೇ ಅಳತೆಯ, ಅದೇ ಜೋಡಣೆಯ ಎಸ್‌ಎಸ್‌ಡಿಗಳು 7 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತವೆ. ದಪ್ಪ ಡಿಸ್ಕಿನ ಜಾಗದಲ್ಲಿ ತೆಳುವಾದದ್ದು ಕೂರುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಎಂ.2 ಎಂಬ ಸಣ್ಣ ಪಟ್ಟಿಯ ರೂಪದ ಎಸ್‌ಎಸ್‌ಡಿಗೆ ಖಾಲಿ ಜಾಗವಿರುತ್ತದೆ. ಸಾಮಾನ್ಯವಾದ ಪಟ್ಟಿಯ ಅಗಲ 22, ಉದ್ದ 80 ಮಿಲಿಮೀಟರ್. ಆದರೆ ನೋಡಲು ಒಂದೇ ತೆರನಾದ ಈ ಪಟ್ಟಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂದು ಎರಡು ಜಾತಿಗಳುಂಟು. ಒಂದನ್ನು ಒಪ್ಪುವ ಯಂತ್ರ ಇನ್ನೊಂದನ್ನು ಒಪ್ಪದಿರಬಹುದು. ಆದಕಾರಣ ಕೊಳ್ಳುವುದಕ್ಕೆ ಮುಂಚೆ ಕೈಪಿಡಿಯನ್ನು ನೋಡುವುದು ಅವಶ್ಯ. ಕೆಲವು ತೆಳು ಯಂತ್ರಗಳಲ್ಲಿ ಸಂಗ್ರಹವನ್ನು ಮುಖ್ಯಫಲಕಕ್ಕೇ ಬೆಸುಗೆ ಹಾಕಿರುತ್ತಾರೆ. ಅಂಥವನ್ನು ಮನೆಯಲ್ಲಿ ಬದಲಿಸಲಾಗದು. ಆ ಪ್ರಯತ್ನವೇ ಬೇಡ.

ಎರಡನೆಯದು, ಇರುವ ಕಡತಗಳನ್ನು ಕಾಪಾಡಿಕೊಳ್ಳುವುದು. ಇದಕ್ಕಿಂತ ಮುಖ್ಯವಾದ ಹೆಜ್ಜೆ ಬೇರೊಂದಿಲ್ಲ. ಸ್ಕ್ರೂಡ್ರೈವರ್ ಹಿಡಿಯುವುದಕ್ಕೆ ಮುಂಚೆ ಎಲ್ಲ ಕಡತಗಳ ಒಂದು ಪ್ರತಿ ಬೇರೆಡೆ ಇರಬೇಕು. ತರುವಾಯ ದಾರಿ ಎರಡು. ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದದ್ದು ಇದ್ದಂತೆಯೇ ಹೊಸದಕ್ಕೆ ಪಡಿಯಚ್ಚು ತೆಗೆಯುವುದು ಒಂದು. ಇದಕ್ಕೆ ಎಸ್‌ಎಸ್‌ಡಿಯನ್ನು ಯುಎಸ್‌ಬಿಗೆ ಜೋಡಿಸುವ ಒಂದು ಕೇಬಲ್ಲೂ, ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶವೋ ಎಸ್‌ಎಸ್‌ಡಿ ತಯಾರಕರೇ ಕೊಡುವ ತಂತ್ರಾಂಶವೋ ಬೇಕು. ಹೊಸದಾಗಿ ವಿಂಡೋಸ್ ಅಥವಾ ಲಿನಕ್ಸ್ ಹಾಕಿ, ಕಡತಗಳನ್ನು ಮಾತ್ರ ನಕಲು ಮಾಡಿಕೊಳ್ಳುವುದು ಎರಡನೆಯದು. ವರ್ಷಗಳ ಕಸ ತುಂಬಿದ ಯಂತ್ರಕ್ಕೆ ಎರಡನೆಯ ದಾರಿ ಒಳ್ಳೆಯದು. ತುರ್ತಿನಲ್ಲಿರುವವರಿಗೆ ಮೊದಲನೆಯದು ಸುಲಭ. ಯಂತ್ರದಲ್ಲಿ ಬಿಟ್‌ಲಾಕರ್ ಎಂಬ ಗುಪ್ತಲಿಪಿಯ ಬೀಗ ಹಾಕಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಇಲ್ಲವೆ ಬೀಗವನ್ನೇ ತೆಗೆಯಬೇಕು.

ಕನ್ನಡದಲ್ಲಿ ಬರೆಯುವ ನಾವು ಇಲ್ಲಿ ಇನ್ನೊಂದು ಮಾತು ನೆನಪಿಡಬೇಕು. ನಮ್ಮಲ್ಲಿ ಎಷ್ಟೋ ಮಂದಿಯ ಟಿಪ್ಪಣಿಗಳು, ನಮ್ಮ ಗುರುಗಳ ಎಷ್ಟೋ ಉಪನ್ಯಾಸಗಳು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ, ಎಂದರೆ ಯೂನಿಕೋಡಿಗೆ ಹೊರತಾದ ಕ್ರಮದಲ್ಲಿ ಇವೆ. ಹೊಸದಾಗಿ ಸಜ್ಜುಗೊಳಿಸಿದ ಯಂತ್ರದಲ್ಲಿ ಅವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪು ಕಾಣುತ್ತದೆ. ಬರೆದದ್ದು ಹಾಳಾಯಿತೆಂದು ಎದೆ ಒಡೆದುಕೊಳ್ಳಬೇಕಾಗಿಲ್ಲ. ನುಡಿ ತಂತ್ರಾಂಶವನ್ನು ಅದರ ಅಕ್ಷರವಿನ್ಯಾಸಗಳೊಂದಿಗೆ ಮತ್ತೆ ಹಾಕಿದರೆ ಕನ್ನಡ ಮರಳಿ ಮೂಡುತ್ತದೆ. ಈ ಸಂದರ್ಭದಲ್ಲಿಯೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಂಡರೆ ಮುಂದಿನ ಯಂತ್ರಕ್ಕೂ ಅನುಕೂಲ.

ಮೂರನೆಯದು ಬಿಚ್ಚುವ ಕೆಲಸ. ಯಂತ್ರವನ್ನು ಮಲಗಿಸಿದರೆ ಸಾಲದು, ಪೂರ್ತಿ ಆರಿಸಬೇಕು. ಚಾರ್ಜರ್ ಕೀಳಬೇಕು. ಬ್ಯಾಟರಿ ಹೊರಗೆ ತೆಗೆಯುವಂಥದಾದರೆ ತೆಗೆಯಬೇಕು. ಒಳಗಿರುವುದಾದರೆ ಮುಚ್ಚಳ ತೆಗೆದ ಕೂಡಲೆ ಮೊದಲು ಅದರ ಜೋಡಣೆಯನ್ನು ಬಿಡಿಸಬೇಕು. ಬ್ಯಾಟರಿ ಉಬ್ಬಿ ಬೆನ್ನಿನ ಮುಚ್ಚಳವೇ ಎದ್ದಿದ್ದರೆ ಅಲ್ಲಿಗೆ ಕೈಬಿಟ್ಟು ತಿಳಿದವರ ಬಳಿಗೆ ಒಯ್ಯಬೇಕು. ಅದನ್ನು ಚುಚ್ಚಿದರೆ ಬೆಂಕಿಯ ಭಯವುಂಟು. ಮೈಯಲ್ಲಿ ಸೇರಿರುವ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ಕೇಡು ಮಾಡಬಲ್ಲದು. ಆದ್ದರಿಂದ ಉಣ್ಣೆಯ ಕಂಬಳಿಯ ಮೇಲೆ ಕೂತು ಈ ಕೆಲಸ ಮಾಡಬಾರದು, ನಡುನಡುವೆ ನೆಲಕ್ಕೆ ತಾಗಿರುವ ಯಾವುದಾದರೂ ಲೋಹದ ವಸ್ತುವನ್ನು ಮುಟ್ಟುತ್ತಿರಬೇಕು.

ಸ್ಕ್ರೂಗಳ ವಿಷಯ ಸಣ್ಣದೆಂದು ಕಂಡರೂ ಕಷ್ಟ ಕೊಡುವುದು ಅದೇ. ಅವುಗಳಲ್ಲಿ ಉದ್ದ ಗಿಡ್ಡ ಎರಡೂ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದು ಒಳಗಿನ ಫಲಕಕ್ಕೆ ತಾಗಬಹುದು. ಒಂದು ಕಾಗದದ ಮೇಲೆ ಯಂತ್ರದ ಬೆನ್ನಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂದಿತೋ ಅಲ್ಲಿಯೇ ಇಡುತ್ತ ಹೋಗುವುದು ಉತ್ತಮ ಪದ್ಧತಿ. ಕೆಲವು ಸ್ಕ್ರೂಗಳು ರಬ್ಬರಿನ ಪಾದಗಳ ಕೆಳಗೆ ಅಡಗಿರುತ್ತವೆ. ಮುಚ್ಚಳ ಬರಲಿಲ್ಲವೆಂದರೆ ಇನ್ನೂ ಒಂದು ಸ್ಕ್ರೂ ಎಲ್ಲೋ ಇದೆಯೆಂದೇ ತಿಳಿಯಬೇಕು, ಬಲ ಹಾಕಬಾರದು. ಅಂಚಿನ ಕೊಂಡಿಗಳನ್ನು ಬಿಡಿಸಲು ಚಾಕು ಬೇಡ, ಪ್ಲಾಸ್ಟಿಕ್ಕಿನ ಹಳೆಯ ಕಾರ್ಡು ಸಾಕು. ಅನಂತರ ಹಳೆಯ ಡಿಸ್ಕನ್ನು ಅದರ ಚೌಕಟ್ಟಿನೊಂದಿಗೆ ಮೆಲ್ಲನೆ ಹಿಂದಕ್ಕೆ ಸರಿಸಿ ಬಿಡಿಸುವುದು, ಚೌಕಟ್ಟನ್ನು ಹೊಸದಕ್ಕೆ ತೊಡಿಸುವುದು, ಹಿಂದಿನಂತೆಯೇ ಕೂರಿಸುವುದು. ಕೆಲಸ ಇಷ್ಟೇ. ಕಳಚಿದ ಹಾರ್ಡ್ ಡಿಸ್ಕನ್ನು ಮಾತ್ರ ಕುತೂಹಲಕ್ಕೆಂದು ಬಿಚ್ಚಕೂಡದು. ಒಂದು ಧೂಳಿನ ಕಣ ಬಿದ್ದರೂ ಅದರಲ್ಲಿರುವುದೆಲ್ಲ ನಾಶವಾದೀತು. ಹೊಸದು ಸರಿಯಾಗಿ ನಡೆಯುತ್ತಿದೆಯೆಂದು ಕೆಲವು ವಾರಗಳಲ್ಲಿ ಖಚಿತವಾಗುವವರೆಗೆ ಹಳೆಯದನ್ನು ಅಳಿಸದೆ ಇಡಬೇಕು. ಆಮೇಲೆ ಅದಕ್ಕೊಂದು ಯುಎಸ್‌ಬಿ ಪೆಟ್ಟಿಗೆ ತೊಡಿಸಿದರೆ ಪ್ರತಿ ಇಟ್ಟುಕೊಳ್ಳುವ ಭಂಡಾರವಾಗಿ ಇನ್ನೂ ಹಲವು ಕಾಲ ದುಡಿಯುತ್ತದೆ. ಅಂಥ ಭಂಡಾರ ಬೇಕೇ ಬೇಕು. ಎಸ್‌ಎಸ್‌ಡಿಯೂ ಚಿರಂಜೀವಿಯಲ್ಲ, ಅದು ಕೆಡುವಾಗ ಹಾರ್ಡ್ ಡಿಸ್ಕಿನ ಹಾಗೆ ಕಟಕಟ ಸದ್ದು ಮಾಡಿ ಮುನ್ಸೂಚನೆ ಕೊಡುವುದೂ ಇಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಕೇಳಿಲ್ಲವೆಂದಲ್ಲ. "ಕೆಟ್ಟುಹೋದರೆ?" ಎಂಬುದು ಮೊದಲನೆಯ ಆಕ್ಷೇಪ. ಬೀರುವಿನ ಮೇಲೆ ಧೂಳು ತಿನ್ನುತ್ತಿರುವ ಯಂತ್ರ ಇನ್ನೆಷ್ಟು ಕೆಡಬೇಕು? ಕಡತಗಳ ಪ್ರತಿ ಬೇರೆಡೆ ಇದ್ದ ಮೇಲೆ ಕಳೆದುಕೊಳ್ಳುವುದು ಬಹಳವಿಲ್ಲ. ಖಾತರಿಯ ಅವಧಿ ಇನ್ನೂ ಮುಗಿಯದ ಯಂತ್ರವಾದರೆ, ಅದರ ಷರತ್ತುಗಳನ್ನು ಓದಿ ಆಮೇಲೆ ಕೈಹಾಕುವುದು ವಿವೇಕ. ನಾನು ಹೇಳುತ್ತಿರುವುದು ಖಾತರಿ ಮುಗಿದ ಯಂತ್ರಗಳ ಮಾತು. "ದುರಸ್ತಿ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆದಂತಾಗದೆ?" ಎಂಬುದು ಎರಡನೆಯದು. ಈ ಪ್ರಶ್ನೆ ಸಜ್ಜನಿಕೆಯದು. ಆದರೆ ಮನೆಯಲ್ಲಿ ಅಡಿಗೆ ಮಾಡುವವರಿಂದ ಹೋಟೆಲುಗಳು ಮುಚ್ಚಿಹೋಗಲಿಲ್ಲ. ಫಲಕದ ಬೆಸುಗೆ, ಪರದೆಯ ಬದಲಾವಣೆ, ಕೆಟ್ಟ ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯುವುದು, ಇವೆಲ್ಲ ನುರಿತ ಕೈಯ ಕೆಲಸಗಳು. ಅವಕ್ಕೆ ನಾವು ಅಂಗಡಿಗೇ ಹೋಗುತ್ತೇವೆ, ಹೋಗಬೇಕು. ಒಮ್ಮೆ ತಾನೇ ಸ್ಕ್ರೂ ಬಿಚ್ಚಿ ನೋಡಿದವರು ಆ ಕೆಲಸಗಾರನ ಕೂಲಿಗೆ ಚೌಕಾಶಿ ಮಾಡುವುದು ಕಡಿಮೆಯಾದೀತೆಂದೂ ನನ್ನ ನಂಬಿಕೆ.

ಮೂರನೆಯ ಆಕ್ಷೇಪ ಬಾಯಿಬಿಟ್ಟು ಬರುವುದಿಲ್ಲ, ನೋಟದಲ್ಲಿ ಬರುತ್ತದೆ. "ಬಿ.ಎ. ಓದುವವರಿಗೆ ಇದೇಕೆ? ಅದರಲ್ಲೂ ಹೆಣ್ಣುಮಕ್ಕಳಿಗೆ?" ನನಗೆ ಈ ಲೇಖನ ಬರೆಯುವ ಮನಸ್ಸು ಬಂದದ್ದು ಮುಖ್ಯವಾಗಿ ಇದಕ್ಕೆ ಉತ್ತರ ಹೇಳಲು. ನಾವು ತರಗತಿಯಲ್ಲಿ ವಚನಕಾರರನ್ನು ಓದುತ್ತೇವೆ. ಅವರ ಹೆಸರುಗಳನ್ನೇ ಗಮನಿಸಿ: ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ನೂಲುವ ಕಾಯಕದ ಕದಿರ ರೆಮ್ಮವ್ವೆ. ಹೆಸರಿಗೆ ಮುಂಚೆ ಕೈಯ ಕಸುಬು ಬರುತ್ತದೆ. ಮಗ್ಗದ ಮುಂದೆ ಕೂತ ಕೈಯೇ ವಚನವನ್ನೂ ರಚಿಸಿತು. ಅವರ ಕಾಯಕತತ್ತ್ವದ ಮೇಲೆ ಹತ್ತು ಅಂಕದ ಉತ್ತರವನ್ನು ಸೊಗಸಾಗಿ ಬರೆಯುವ ನಾವು, ಆ ಉತ್ತರವನ್ನು ಬೆರಳಚ್ಚು ಮಾಡಿದ ಯಂತ್ರದ ಮುಚ್ಚಳ ತೆಗೆಯಲು ಮಾತ್ರ "ಅದು ನಮ್ಮ ಕೆಲಸವಲ್ಲ" ಎನ್ನುತ್ತೇವೆ. ಈ ಮಾತಿನ ಹಿಂದೆ ಭಯ ಸ್ವಲ್ಪ. ಕೈಕೆಲಸ ಕೀಳು, ತಲೆಕೆಲಸ ಮೇಲು ಎಂಬ ಹಳೆಯ ತಾರತಮ್ಯವೇ ಹೆಚ್ಚು. ಈ ತಾರತಮ್ಯ ನಮ್ಮ ದೇಶದಲ್ಲಿ ಎಷ್ಟು ಜನರ ತಲೆ ಬಗ್ಗಿಸಿದೆಯೆಂಬುದನ್ನು ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಿಂದಲೇ 1936ರಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ ತರುವಾಯ 'ವಿಜ್ಞಾನ ಪ್ರಪಂಚ'ವನ್ನೂ ರಚಿಸಿದರು. ಸಾಹಿತ್ಯಕ್ಕೂ ಯಂತ್ರಕ್ಕೂ ನಡುವೆ ಗೋಡೆ ಎಬ್ಬಿಸಿದವರು ಹಿರಿಯರಲ್ಲ. ಪಠ್ಯಕ್ರಮದ ನೆರಳಿನಲ್ಲಿ ಬೆಳೆದ ನಾವು.

ಈ ಸಣ್ಣ ಕೆಲಸಕ್ಕೆ ದೊಡ್ಡ ಪ್ರಪಂಚದೊಂದಿಗೂ ನಂಟಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ತಂದುದಾಗಿ ದಾಖಲೆಯಿರುವುದು ಅದರಲ್ಲಿ ಶೇಕಡ 22.3 ಮಾತ್ರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ನಿಯಮಗಳಿಗೆ ಒಗ್ಗದ, ಆದರೆ ಗಟ್ಟಿಮುಟ್ಟಾಗಿಯೇ ಇರುವ ಯಂತ್ರಗಳು ಇದರಿಂದ ಕಸದ ಬುಟ್ಟಿಯತ್ತ ಹೆಜ್ಜೆ ಹಾಕಿವೆ. ಅಂಥ ಯಂತ್ರಕ್ಕೆ ಒಂದು ಎಸ್‌ಎಸ್‌ಡಿಯನ್ನೂ ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನಂಥ ಉಚಿತ ವ್ಯವಸ್ಥೆಯನ್ನೂ ಹಾಕಿದರೆ, ಕನ್ನಡದಲ್ಲಿ ಬರೆಯುವುದಕ್ಕೂ ಅರ್ಜಿ ತುಂಬುವುದಕ್ಕೂ ಪಾಠ ಕೇಳುವುದಕ್ಕೂ ಏನೂ ಕೊರತೆಯಿಲ್ಲ. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪನ್ನು ಮಾರುವಾಗ ಅದನ್ನು ದುರಸ್ತಿ ಮಾಡುವುದು ಎಷ್ಟು ಸುಲಭವೆಂದು 10ಕ್ಕೆ ಇಷ್ಟು ಅಂಕವೆಂದು ತೋರಿಸಬೇಕೆಂಬ ನಿಯಮ ಬಂದಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿ, ಅದೇ ಡಿಸೆಂಬರಿನಲ್ಲಿ ಅದಕ್ಕಾಗಿ ಒಂದು ಜಾಲತಾಣವನ್ನು ತೆರೆಯಿತು. ಹಕ್ಕನ್ನು ಸರ್ಕಾರ ಕೊಡಬಹುದು. ಅದನ್ನು ಚಲಾಯಿಸುವ ಕೈ ನಮ್ಮದಾಗಿರಬೇಕು. ಬೆಸುಗೆ ಹಾಕಿದ ಯಂತ್ರ ಬೇಡ, ಬಿಚ್ಚಬಹುದಾದ ಯಂತ್ರ ಕೊಡಿ ಎಂದು ಅಂಗಡಿಯಲ್ಲಿ ಕೇಳುವ ಧೈರ್ಯ ಬರುವುದು, ಒಮ್ಮೆಯಾದರೂ ಬಿಚ್ಚಿ ನೋಡಿದವರಿಗೆ.

ಹಾಗೆಂದು ಈ ಮದ್ದು ಸರ್ವರೋಗಕ್ಕೂ ಆಗದು. ಬ್ಯಾಟರಿ ಸತ್ತಿದ್ದರೆ ಎಸ್‌ಎಸ್‌ಡಿಯಿಂದ ಅದು ಬದುಕುವುದಿಲ್ಲ. ರ‍್ಯಾಮ್ ತೀರ ಕಡಿಮೆಯಿದ್ದರೆ ಅದನ್ನೂ ಹೆಚ್ಚಿಸಬೇಕಾದೀತು. ಒಡೆದ ಪರದೆ ಒಡೆದೇ ಇರುತ್ತದೆ. ಆದರೆ ಹಾರ್ಡ್ ಡಿಸ್ಕಿನ ನಿಧಾನವೊಂದೇ ರೋಗವಾಗಿರುವ ಯಂತ್ರಗಳು ನಮ್ಮ ನಡುವೆ ಬೇಕಾದಷ್ಟಿವೆ. ಒಂದು ಮನೆಯಲ್ಲಿ ಅಂಥ ಯಂತ್ರವೊಂದು ಎದ್ದು ಕೂತರೆ ಅದರಿಂದ ಓದುವವರು ಒಬ್ಬರಲ್ಲ. ತಮ್ಮ, ತಂಗಿ, ನೆರೆಮನೆಯ ಹುಡುಗಿ ಎಲ್ಲರೂ.

ಆದುದರಿಂದ ನನ್ನ ಸಲಹೆಯನ್ನು ಸಹಪಾಠಿಗಳ ಹಾಗೂ ಗುರುಹಿರಿಯರ ಮುಂದೆ ವಿನಯದಿಂದ ಇಡುತ್ತೇನೆ. ನಮ್ಮ ಗ್ರಂಥಾಲಯದಲ್ಲಿ ಪುಸ್ತಕಗಳೊಂದಿಗೆ ಸಣ್ಣ ಸ್ಕ್ರೂಡ್ರೈವರುಗಳ ಒಂದು ಪೆಟ್ಟಿಗೆ, ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಒಂದು ಕೇಬಲ್ಲು, ಪ್ರತಿ ತೆಗೆದಿಡಲು ಒಂದು ದೊಡ್ಡ ಡಿಸ್ಕು ಇವಿಷ್ಟನ್ನು ಇಟ್ಟು, ಪುಸ್ತಕದ ಹಾಗೆಯೇ ಚೀಟಿ ಬರೆಸಿಕೊಂಡು ವಾರಕ್ಕೆಂದು ಎರವಲು ಕೊಡಬೇಕು. ದೊಡ್ಡ ಡಿಸ್ಕು ಹಿಂದಿರುಗಿ ಬಂದಾಗ ಅದರಲ್ಲಿದ್ದುದನ್ನು ಪೂರ್ತಿ ಅಳಿಸುವ ಜವಾಬ್ದಾರಿ ಒಯ್ದವರದೇ ಆಗಿರಲಿ. ಎನ್‌ಎಸ್‌ಎಸ್ ಶಿಬಿರದಲ್ಲಿ ಗುದ್ದಲಿ ಹಿಡಿಯುವ ನಾವು ಒಂದು ಶನಿವಾರ ಮಧ್ಯಾಹ್ನ ಸ್ಕ್ರೂಡ್ರೈವರ್ ಹಿಡಿಯಲಾರೆವೆ? ಕಲಿತವರು ಇಬ್ಬರಿಗೆ ಕಲಿಸಲಿ, ಆ ಇಬ್ಬರು ನಾಲ್ವರಿಗೆ. ಇದಕ್ಕೆ ಬೇಕಾಗುವ ಹಣ ನಮ್ಮ ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗದು.

ಪದವಿಯ ಕಾಗದ ಕೈಗೆ ಬಂದ ದಿನ ನಮಗೆ ಏನೇನು ಬರುತ್ತದೆಂದು ಲೋಕ ಕೇಳಿಯೇ ಕೇಳುತ್ತದೆ. ಪಂಪನನ್ನು ಓದಿದ್ದೇವೆ, ಸಂವಿಧಾನವನ್ನು ಓದಿದ್ದೇವೆ ಎಂದು ತಲೆಯೆತ್ತಿ ಹೇಳೋಣ. ಅದರ ಜೊತೆಗೆ, ನಮ್ಮ ಬರಹವನ್ನು ಹೊತ್ತ ಯಂತ್ರವನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಮುಚ್ಚುವುದೂ ಬರುತ್ತದೆ ಎನ್ನುವಂತಾದರೆ, ನಮ್ಮ ವಿದ್ಯೆಗೆ ಅದರಿಂದ ಕುಂದೇನೂ ಬಾರದು.